ಅಕ್ಕೋಳದ ಬೀಡಿ ಕಟ್ಟೆಯಲ್ಲಿ ಹೆಗಲ್ಯಾ ಮತ್ತು ಕಿವ್ಯಾ

ನಿಪ್ಪಾಣಿ ತಾಲ್ಲೂಕಿನ ಇತಿಹಾಸದಲ್ಲಿ ದಾಖಲಾಗಬೇಕಾದ ಒಂದು ವಿವಾದ ಈ ಮಳೆಗಾಲದಲ್ಲಿ ಅಕ್ಕೋಳದ ಒಂದು ಓಣಿಯಲ್ಲಿ ನಡೆದುಹೋಗಿದೆ. ಗಡಿಯ ಪ್ರಶ್ನೆ ಅಲ್ಲ, ಅದಕ್ಕೆ ಬೇರೆ ಜನ ಇದ್ದಾರೆ. ಕಬ್ಬಿನ ದರವೂ ಅಲ್ಲ, ಅದು ವರ್ಷ ವರ್ಷವೂ ಬರುವಂಥದ್ದು. ಪ್ರಶ್ನೆ ಇದು: ಆಕಾಶದಲ್ಲಿ ಹಾರಬಲ್ಲ ಮನುಷ್ಯನೊಬ್ಬ, ಸಾಯುತ್ತಿರುವವರನ್ನು ಉಳಿಸಲು ಹಾರುವ ಮೊದಲು, ಸರಕಾರದ ಕಾಗದಕ್ಕೆ ಸಹಿ ಹಾಕಬೇಕೋ ಬೇಡವೋ. ಓಣಿಯ ಹದಿನಾಲ್ಕು ಹೆಂಗಸರು ಇದರ ಮೇಲೆ ಎರಡು ಪಾಲಾದರು. ಒಂದೇ ನಲ್ಲಿಗೆ ಬರುವವರು ಬೇರೆ ಬೇರೆ ಹೊತ್ತಿಗೆ ಕೊಡ ತಂದರು. ವಿಶೇಷವೆಂದರೆ, ಜಗಳಕ್ಕೆ ಕಾರಣವಾದ ಸಿನಿಮಾವನ್ನು ಅವರಲ್ಲಿ ಯಾರೂ ನೋಡಿರಲಿಲ್ಲ. ನೋಡಿದವರು ಒಬ್ಬರೇ. ಅವರ ಹೆಸರು ನೂರಜಾನಬಿ.

ಬೆಳಗಿನ ಐದೂವರೆ. ಹಾಲಿನ ಕ್ಯಾನು ತೂಗುಹಾಕಿದ ಮೋಟಾರ್‌ಸೈಕಲ್ಲುಗಳು ಡೇರಿಯ ಕಡೆಗೆ ಹೊರಟಿವೆ. ನೂರಜಾನಬಿ ತಮ್ಮ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಸಿನಿಮಾ ನೋಡುತ್ತಿದ್ದಾರೆ. ಮೊಬೈಲು ಜೋಳದ ಹಿಟ್ಟಿನ ಡಬ್ಬಿಗೆ ಆತುಕೊಂಡಿದೆ. ಒಂದು ಕಿವಿಯಲ್ಲಿ ವೈರು. ಇನ್ನೊಂದು ಕಿವಿಯನ್ನು ನಲ್ಲಿಗೆ ಬಿಟ್ಟಿದ್ದಾರೆ, ನೀರು ಯಾವಾಗ ಬರುವುದೋ ಹೇಳಲಾಗದು. ಪಕ್ಕದಲ್ಲಿ ಹಸಿ ಬಟ್ಟೆಯೊಳಗೆ ಬೀಡಿ ಎಲೆ ಮೆತ್ತಗಾಗುತ್ತಿದೆ. ತೆರೆಯ ಮೇಲೆ ಒಬ್ಬ ಇನ್ನೊಬ್ಬನನ್ನು ಕಟ್ಟಡದ ಮೇಲಿಂದ ಒಗೆಯುತ್ತಾನೆ. ನೂರಜಾನಬಿ ಬೆರಳಿನಿಂದ ಹಿಂದಕ್ಕೆ ಸರಿಸುತ್ತಾರೆ. ಅವನು ಮತ್ತೆ ಒಗೆಯುತ್ತಾನೆ. ಮತ್ತೆ ಹಿಂದಕ್ಕೆ.

"ಇದು ಕೆಲ್ಸರಿ," ಎನ್ನುತ್ತಾರೆ ಕಣ್ಣು ತೆಗೆಯದೆ. "ಮಂದಿ ತಿಳ್ಕೊಂಡಾರ, ನೂರಜಾನಬಿ ಮುಂಜಾನೆದ್ದು ಮಜಾ ಮಾಡಾಕತ್ತಾಳ ಅಂತ. ಒಗದಾಂವ ಎಡಗೈಲೆ ಒಗದನೋ ಬಲಗೈಲೆ ಒಗದನೋ, ಅದ ನನಗ ಬೇಕು. ನಾಳೆ ಬಾಜೂ ಮನಿ ಕಾಳವ್ವ ಕೇಳತಾಳ."

ಬೀಡಿ ಕಟ್ಟುವವರ ಎರಡೂ ಕೈ ಕೆಲಸದಲ್ಲಿರುತ್ತವೆ, ಕಣ್ಣು ಕೈಯ ಹಿಂದೆಯೇ ಇರಬೇಕು. ತಗಡಿನ ಅಚ್ಚಿಟ್ಟು ಎಲೆ ಕತ್ತರಿಸುವುದು, ಚಿಟಿಕೆ ತಂಬಾಕು ಉದುರಿಸುವುದು, ಸುತ್ತುವುದು, ಬಾಯಿ ಮಡಚುವುದು, ದಾರ ಬಿಗಿಯುವುದು. ನಡುವೆ ಒಮ್ಮೆ ಕಣ್ಣೆತ್ತಿ ನಾಯಕಿಯ ಸೀರೆ ನೋಡಿದರೆ ಎಲೆ ಹರಿಯುತ್ತದೆ. ಹಾಗಾಗಿ ಟಿ.ವಿ. ಬಂದರೂ ಮೊಬೈಲು ಬಂದರೂ ಬೀಡಿ ಕಟ್ಟೆಯ ಮೇಲೆ ಬಿಡುವಾಗಿ ಉಳಿದಿರುವುದು ಕಿವಿ ಮಾತ್ರ. ಆ ಕಿವಿಗೆ ಬೇಕಾದ್ದನ್ನು ಒದಗಿಸುವುದು ನೂರಜಾನಬಿಯ ಕಸುಬು. ಅವರು ಸಿನಿಮಾ ನೋಡಿ ಬಂದು ಹೇಳುತ್ತಾರೆ, ಉಳಿದವರು ಕಟ್ಟುತ್ತಾ ಕೇಳುತ್ತಾರೆ. ಸಂಜೆ ಮಾಲು ಒಪ್ಪಿಸುವ ಮೊದಲು ಪ್ರತಿಯೊಬ್ಬಳೂ ತನ್ನ ಮೊರದಿಂದ ಒಂದು ಕಟ್ಟು ಬೀಡಿ ಎತ್ತಿ ನೂರಜಾನಬಿಯ ಮೊರಕ್ಕೆ ಹಾಕುತ್ತಾಳೆ. ಓಣಿಯಲ್ಲಿ ಇದಕ್ಕೆ 'ಕತಿ ಕಟ್ಟು' ಎನ್ನುತ್ತಾರೆ. ಯಾರು ಶುರುಮಾಡಿದರೋ ಯಾರಿಗೂ ನೆನಪಿಲ್ಲ, ನಿಲ್ಲಿಸುವ ಮಾತನ್ನೂ ಯಾರೂ ಆಡಿಲ್ಲ.

ಮೊಬೈಲಿನಲ್ಲಿ ಸಿನಿಮಾ ಹಚ್ಚಿಟ್ಟು ಬರೀ ಕೇಳಿದರಾಗದೇ ಎಂದು ರಾಯಬಾಗದಿಂದ ಈ ಓಣಿಗೆ ಸೊಸೆಯಾಗಿ ಬಂದ ಕೋಮಲ ಒಮ್ಮೆ ಪ್ರಯೋಗ ಮಾಡಿ ನೋಡಿದ್ದಾಳೆ. "ಬರೇ ಧಡಾಡ್ ಧುಡೂಡ್ ಕೇಳಸ್ತೈತ್ರಿ. ಯಾರು ಯಾರಿಗೆ ಹೊಡದ್ರು, ಯಾಕ ಹೊಡದ್ರು, ಯಾರ ಹೇಳಬೇಕು? ಇಂಥಾ ಸಿನಿಮಾಕ್ಕ ನೂರಜಾನ ಮಾವಶೀನ ಬೇಕು."

ಓಣಿಯ ಕಿರಿಯರು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ನೂರಜಾನಬಿಗೆ ಈಗ ಐವತ್ತೆಂಟು. ತಾಯಿ ಇದೇ ಕಟ್ಟೆಯಲ್ಲಿ ಬೀಡಿ ಕಟ್ಟಿದವರು. ಆಗಿನ ಕ್ರಮವೆಂದರೆ, ಓಣಿಯ ಹೆಂಗಸರೆಲ್ಲ ಸೇರಿ ಒಂದು ಟಿಕೀಟಿನ ದುಡ್ಡು ಕೂಡಿಸಿ ಯಾರಾದರೊಬ್ಬ ಹುಡುಗಿಯನ್ನು ನಿಪ್ಪಾಣಿಯ ಟಾಕೀಜಿಗೆ ಕಳಿಸುವುದು. ಎಲ್ಲರೂ ಹೋದರೆ ಆ ದಿನದ ಬೀಡಿ ಯಾರು ಕಟ್ಟಬೇಕು? ಮೊದಲು ಹೋದದ್ದು ನೂರಜಾನಬಿಯ ಅಕ್ಕ. "ಆಕಿ ಬಂದ ಹೇಳಿದ್ಲು, 'ಚೊಲೋ ಇತ್ತು.' ಮುಗೀತ್ರಿ. ಅಷ್ಟೂ ಮಂದಿ ರೊಕ್ಕ ಕೊಟ್ಟದ್ದು ಈ ಎರಡ ಮಾತಿಗೇನ್? ಮುಂದಿನ ವಾರ ನನ್ನ ಕಳಿಸಿದ್ರು. ನಾ ಬಂದು ಹಾದ್ಯಾಗ ಬಸ್ಸಿನ ಕಂಡಕ್ಟರ್ ಏನಂದ ಅನ್ನೂದ್ರಿಂದ ಹೇಳಾಕ ಹತ್ತಿದ್ದೆ. ನಾಯಕ ಬರೂದ್ರಾಗ ಮಧ್ಯಾಹ್ನ ಆಗಿತ್ತು. ಯಾರೂ ಏಳಲಿಲ್ಲ."

ಅಂದಿನಿಂದ ಅವರೇ. ಸಿನಿಮಾ ಮರಾಠಿಯದಿರಲಿ ಹಿಂದಿಯದಿರಲಿ, ಕಟ್ಟೆಯ ಮೇಲೆ ಬರುವುದು ಅಕ್ಕೋಳದ ಕನ್ನಡದಲ್ಲಿ. ಬೈಗುಳ ಮಾತ್ರ ಮರಾಠಿಯಲ್ಲಿ, ಅದಕ್ಕೆ ಅಲ್ಲಿ ಹೆಚ್ಚು ಅನುಕೂಲವಿದೆ ಎಂಬುದು ಅವರ ಅಭಿಪ್ರಾಯ. ಎರಡೂವರೆ ತಾಸಿನ ಸಿನಿಮಾ ಅವರ ಬಾಯಲ್ಲಿ ಎರಡು ವಾರ ನಡೆದದ್ದುಂಟು. ಗಂಡ ಶಮಶೇರ ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ಲು, ಸ್ಟೋವು ರಿಪೇರಿ ಮಾಡುತ್ತಾರೆ. ಅವರದೊಂದು ದೂರು: "ಇಷ್ಟ ವರ್ಷ ಆತು, ಮನ್ಯಾಗ ನನಗ ಒಂದ ಕತಿ ಹೇಳಿಲ್ರಿ." ನೂರಜಾನಬಿ ಇದನ್ನು ನಿರಾಕರಿಸುವುದಿಲ್ಲ. "ಅವರೇನ ಕಟ್ಟು ಕೊಡತಾರೇನ್ರಿ?"

ಕಟ್ಟಿನ ಮಾತು ಹಗುರವಾದದ್ದಲ್ಲ. ಕೆಲವು ವರ್ಷಗಳಿಂದ ಅವರ ಎರಡೂ ಹೆಬ್ಬೆರಳ ಕೀಲು ಬಿಗಿದಿವೆ. ನಿಪ್ಪಾಣಿಯ ಡಾಕ್ಟರು ಬೆರಳಿಗೆ ಆರಾಮ ಕೊಡಿ ಎಂದರು. "ಕೊಡತೀನ್ರಿ, ಅದು ಎಲ್ಲಿ ಸಿಗತೈತಿ ಅಂತ ಕೇಳಿದೆ," ಎನ್ನುತ್ತಾರೆ. ಮೊದಲು ಕಟ್ಟುತ್ತಿದ್ದುದರಲ್ಲಿ ಈಗ ಅರ್ಧವೂ ಆಗುವುದಿಲ್ಲ. ದಿನದ ಎಣಿಕೆ ತುಂಬದವರಿಗೆ ಗುತ್ತಿಗೆದಾರ ಎಲೆ, ತಂಬಾಕು ಕೊಡುವುದನ್ನು ನಿಲ್ಲಿಸುತ್ತಾನೆ. ಎಲೆ ನಿಂತರೆ ಕೆಲಸ ನಿಂತಿತು, ಬೀಡಿ ಕಾರ್ಮಿಕಳು ಎನ್ನುವ ಹೆಸರೂ ಹೋಯಿತು. ಅವರ ಮೊರವನ್ನು ತುಂಬಿಸುತ್ತಿರುವುದು ಕತಿ ಕಟ್ಟು. ಹಿಂದೆ ಅದು ಮರ್ಯಾದೆಗೆ ಕೊಡುತ್ತಿದ್ದದ್ದು. ಈಗ ಅದರ ಮೇಲೆಯೇ ಅವರ ಕೆಲಸ ನಿಂತಿದೆ.

ಕಟ್ಟುಗಳನ್ನು ಸಂಜೆ ಎತ್ತಿ ಕೂಡಿಸುವವರು ಪಕ್ಕದ ಮನೆಯ ಕಾಳವ್ವ. ಮೂವತ್ತು ವರ್ಷಗಳಿಂದ ನೂರಜಾನಬಿಯ ಬಲಕ್ಕೆ ಕೂರುತ್ತಾ ಬಂದಿದ್ದಾರೆ. ಯಾರಾದರೂ ಸಣ್ಣ ಕಟ್ಟು ಹಾಕಿದರೆ "ಏನ್ ಬೇ, ಅರ್ಧಾ ಕತಿ ಕೇಳಿದೇನು?" ಎನ್ನುವವರೂ ಅವರೇ, ಕತೆ ಎಲ್ಲಾದರೂ ಜೋಲು ಬಿದ್ದರೆ "ನೂರಿ, ಇದನ್ನ ನೀ ಹೊಲದಿದ್ದಿ, ಸಿನಿಮಾದಾಗ ಇಲ್ಲ" ಎಂದು ಹಿಡಿಯುವವರೂ ಅವರೇ.

ಆಷಾಢದ ಹೊತ್ತಿಗೆ ನೂರಜಾನಬಿ ಆ ಹಾರುವ ಜನರ ಸಿನಿಮಾ ಹಿಡಿದರು. ಇಂಗ್ಲೀಷಿನದು, ಹಿಂದಿ ಮಾತು ಹಾಕಿದ್ದು. ಅದ್ಭುತ ಶಕ್ತಿಯ ಆರೇಳು ಜನ ಗೆಳೆಯರು, ಊರೂರು ತಿರುಗಿ ಕಷ್ಟದಲ್ಲಿದ್ದವರನ್ನು ಉಳಿಸುತ್ತಾರೆ. ಅವರ ಹೆಸರುಗಳು ನೂರಜಾನಬಿಯ ಬಾಯಲ್ಲಿ ತಿರುಗಲಿಲ್ಲ. ಬೆಟ್ಟದಂಥ ಭಾರ ಹೊರಬಲ್ಲವನಿಗೆ ಹೆಗಲ್ಯಾ ಎಂದು ಹೆಸರಿಟ್ಟರು. ಹತ್ತು ಊರಿನಾಚೆಯ ಅಳು ಕೇಳಿಸುವವನು ಕಿವ್ಯಾ. ಇಬ್ಬರೂ ಜೀವದ ಗೆಳೆಯರು. ಒಂದು ದಿನ ಹೆಗಲ್ಯಾ ಬಸ್ಸೊಂದನ್ನು ಉಳಿಸಲು ಮುರಿಯುತ್ತಿದ್ದ ಪೂಲನ್ನೇ, ಅಂದರೆ ಸೇತುವೆಯನ್ನೇ, ಎತ್ತಿದ. ಬಸ್ಸು ಉಳಿಯಿತು. ಆದರೆ ಪೂಲನ್ನು ಕೆಳಗಿಟ್ಟ ಜಾಗದಲ್ಲಿ ಮನೆಗಳಿದ್ದವು. ಸರಕಾರ ಎಚ್ಚೆತ್ತಿತು. ಇನ್ನು ಮುಂದೆ ನಮ್ಮ ಹುಕುಮ್ ಇಲ್ಲದೆ ಯಾರೂ ಹಾರಬಾರದು, ಎಲ್ಲರೂ ಈ ಕಾಗದಕ್ಕೆ ಸಹಿ ಹಾಕಿ ಎಂದಿತು. ಹೆಗಲ್ಯಾ ಸಹಿ ಹಾಕಿದ. ಕಿವ್ಯಾ ಹಾಕಲಿಲ್ಲ.

ಕಟ್ಟೆಯ ಮೇಲೆ ಕಾಳವ್ವ ತಕ್ಷಣ ಹೆಗಲ್ಯಾನ ಪಕ್ಷ ಹಿಡಿದರು. "ಸಹಿ ಹಾಕಿದ್ರ ಕೈ ಸವೀತೈತೇನು? ಬೋರ್ ಹೊಡಸಾಕ ಕಾಗದ ಬೇಕು. ಇಂವ ಪೂಲ್ ಎತ್ತಿ ಮಂದಿ ಮನಿ ಮ್ಯಾಲೆ ಇಡಾಂವ, ಇವಂಗ ಕಾಗದ ಬ್ಯಾಡಂತ."

"ಮಾವಶಿ, ಕೆರ್ಯಾಗ ಹುಡುಗ ಮುಳಗಾಕತ್ತಾನ ಅಂತ ತಿಳೀರಿ," ಎಂದಳು ಕೋಮಲ. "ನೀವು ಮೊದಲ ಪಂಚಾಯ್ತಿಗೆ ಹೋಗತೀರೇನು?"

"ಪಂಚಾಯ್ತಿ ಕೆರಿ ದಾಟಿದ ಮ್ಯಾಲೇ ಐತಿ. ಹೋಗೂ ಹಾದ್ಯಾಗ ಎತ್ತಿಕೊಂಡು ಹೋಗತೀನಿ."

"ಅಂದ್ರ ಕೇಳದ ಎತ್ತಿದ್ರಿ."

"ಎತ್ತಿ ಹೇಳತೀನಲ್ಲ. ನಿನ್ನ ಕಿವ್ಯಾ ಹೇಳೂದ ಇಲ್ಲ."

ನಗೆಯಲ್ಲಿ ಶುರುವಾದದ್ದು ದಿನಕ್ಕೊಂದು ಎಳೆ ಸೇರಿ ಗಟ್ಟಿಯಾಯಿತು. ಕಾಳವ್ವನಿಗೆ ಅವರದೇ ಕಾರಣವಿತ್ತು. ಅವರಣ್ಣ ಒಂದು ಬೇಸಗೆ ಯಾರನ್ನೂ ಕೇಳದೆ ಕಾಲುವೆಯ ತೂಬು ತೆಗೆದಿದ್ದ. ಒಣಗುತ್ತಿದ್ದ ನಾಲ್ಕು ಹೊಲಕ್ಕೆ ನೀರು ಬಂತು, ಕೆಳಗಿನವರ ತಂಬಾಕು ಕೊಳೆಯಿತು. "ಅಂವ ಕೆಟ್ಟಾಂವ ಅಲ್ರಿ. ಅದ ತ್ರಾಸ. ಕೆಟ್ಟಾಂವ ಇದ್ರ ಬೈದ ಬಿಡಬಹುದಿತ್ತು." ಕೋಮಲಳಿಗೂ ಕಾರಣವಿತ್ತು. ತಾಯಿಗೆ ಆರಾಮಿಲ್ಲವೆಂದು ತವರಿಗೆ ಹೊರಟಾಗ ಅತ್ತೆಯನ್ನು ಕೇಳಿ, ಅತ್ತೆ ಮಾವನನ್ನು ಕೇಳಿ, ಮಾವ ಪಂಚಾಂಗ ಕೇಳುವ ಹೊತ್ತಿಗೆ ಎರಡು ಬಸ್ಸು ಹೋಗಿದ್ದವು. ಕಾಳವ್ವ ಅದನ್ನೂ ಬಿಡಲಿಲ್ಲ: "ನಿನಗ ಸಿಟ್ಟು ಹೆಗಲ್ಯಾನ ಮ್ಯಾಲಲ್ಲ, ನಿಮ್ಮತ್ತಿ ಮ್ಯಾಲೆ." ಕೋಮಲಳ ಅತ್ತೆ ಮೂರನೆಯ ಮೊರದ ಹಿಂದೆಯೇ ಕೂತಿದ್ದರು. ಅಂದಿನಿಂದ ಕಟ್ಟೆಯ ಎಡಕ್ಕೆ ಕಿವ್ಯಾನವರು, ಬಲಕ್ಕೆ ಹೆಗಲ್ಯಾನವರು.

ನೂರಜಾನಬಿ ಯಾರ ಪಕ್ಷ? "ಹೇಳಾಕಿ ಪಕ್ಷ ಹಿಡದ್ರ ಕೇಳಾವ್ರಿಗೆ ಏನ ಉಳೀತೈತ್ರಿ?" ಎಂಬುದು ಅವರ ಉತ್ತರ. ಸಹಿಯ ದಿನ ಹೆಗಲ್ಯಾನ ಮಾತನ್ನು ಎಷ್ಟು ಚೆನ್ನಾಗಿ ಹೇಳಿದರೆಂದರೆ ಎಡಗಡೆಯವರೂ ತಲೆದೂಗಿದರು. ಮರುದಿನ ಕಿವ್ಯಾ ನಿಂತು, ನನಗೆ ಈಗ ಅಳು ಕೇಳಿಸುತ್ತಿದೆ, ಹುಕುಮ್ ಬರುವವರೆಗೆ ನಾನು ಕಿವಿಯನ್ನು ಎಲ್ಲಿಡಲಿ ಎಂದಾಗ ಬಲಗಡೆಯ ಇಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾಳವ್ವ ಅವರನ್ನು ಗುರುತಿಟ್ಟುಕೊಂಡರು.

ಹೆಗಲ್ಯಾ ಕಿವ್ಯಾನಿಗೆ ಹೊಡೆದ ದಿನ ಅನಾಹುತವಾಯಿತು. ಗೆಳೆಯನನ್ನು ಹಿಡಿದು ತಾ ಎಂದು ಸರಕಾರ ಹೆಗಲ್ಯಾನನ್ನೇ ಕಳಿಸಿತ್ತು. ಕಿವ್ಯಾನ ಕಿವಿಯ ಮೇಲೆ ಪೆಟ್ಟು ಬಿತ್ತು. ನೂರಜಾನಬಿ ಅಲ್ಲಿಗೆ ನಿಲ್ಲಿಸಿ ನೀರು ಕುಡಿದರು. ಕಟ್ಟೆಯ ಮೇಲೆ ಕೈಗಳು ಜೋರಾಗಿ ಓಡಿದವು. ಸಂಜೆ ಮೊರಗಳು ಬೇಗ ತುಂಬಿದವು ಎಂದು ಎಲ್ಲರಿಗೂ ಖುಷಿಯೇ ಆಗಿತ್ತು. ಆದರೆ ಸಿಟ್ಟಿನಲ್ಲಿ ಸುತ್ತಿದ ಬೀಡಿ ಬಿಗಿಯಾಗುತ್ತದೆ. ನೋಡಲು ಚೆಂದ, ಕಡ್ಡಿ ಗೀರಿದರೆ ಹತ್ತುತ್ತದೆ, ಎಳೆದರೆ ಹೊಗೆ ಬರುವುದಿಲ್ಲ. ಗುತ್ತಿಗೆದಾರನ ಪರವಾಗಿ ಮಾಲು ನೋಡುವ ಸಮಾಧಾನ ಎಂಬ ಯುವಕ ಅಂದು ಅವಸರದಲ್ಲಿದ್ದ. ಎರಡು ದಿನದ ಮೇಲೆ ನಿಪ್ಪಾಣಿಯಿಂದ ಇಡೀ ಓಣಿಯ ಮಾಲು ವಾಪಸ್ ಬಂತು.

ಸಮಾಧಾನ ಕಟ್ಟೆಯ ಮುಂದೆ ನಿಂತು ಒಂದೊಂದೇ ಬೀಡಿ ಮುರಿದು ಒಗೆದ. "ಯಾರ ಮಾಡಿದ್ದಿದು?"

"ಹೆಗಲ್ಯಾ," ಎಂದಳು ಕೋಮಲ.

"ಯಾರಂವ? ಯಾವ ಓಣ್ಯಾಂವ?"

ವಿವರಿಸಲು ಸ್ವಲ್ಪ ಹೊತ್ತು ಹಿಡಿಯಿತು. ಎರಡೂ ಪಕ್ಷದವರು ಒಟ್ಟಿಗೇ ವಿವರಿಸಿದ್ದರಿಂದ ಇನ್ನಷ್ಟು ಹಿಡಿಯಿತು. ಕೊನೆಗೆ ಸಮಾಧಾನ ತನ್ನ ತೀರ್ಮಾನ ಹೇಳಿದ. ಗುತ್ತಿಗೆದಾರ ಊರ ಹೊರಗೆ ಹೊಸ ಶೆಡ್ಡು ಕಟ್ಟಿಸಿದ್ದಾನೆ. ಇನ್ನು ಎಲ್ಲರೂ ಅಲ್ಲಿ ಕೂತು ಕಟ್ಟುವುದು ಒಳ್ಳೆಯದು. ಕತೆಗೆ ಅಡ್ಡಿಯಿಲ್ಲ, ಕತಿ ಕಟ್ಟಿಗೂ ಅಡ್ಡಿಯಿಲ್ಲ. ಆದರೆ ಅಲ್ಲಿ ಆ ದಿನದ ಕತೆಯನ್ನು ನೂರಜಾನಬಿ ಮುಂಜಾನೆ ಮೊದಲು ತನಗೆ ಹೇಳಬೇಕು. ತಾನು ಹೂಂ ಅಂದಷ್ಟನ್ನು ಮಾತ್ರ ಹೆಂಗಸರಿಗೆ ಹೇಳಬೇಕು.

ಸಮಾಧಾನನನ್ನು ಖಳನಾಯಕ ಎಂದುಕೊಳ್ಳಬೇಕಿಲ್ಲ. ವಾಪಸ್ ಬಂದ ಮಾಲಿಗೆ ಅವನೇ ಉತ್ತರ ಹೇಳಬೇಕಾಗಿತ್ತು, ಅದರಲ್ಲಿ ಹೆಗಲ್ಯಾನ ಹೆಸರು ಹೇಳುವಂತಿರಲಿಲ್ಲ. "ನನಗ ಕತಿ ಮ್ಯಾಲೆ ಸಿಟ್ಟಿಲ್ರಿ," ಎನ್ನುತ್ತಾನೆ ಈಗಲೂ. "ಬೀಡಿ ದಮ್ ಎಳೀಬೇಕು, ಅಷ್ಟ."

ಕಾಳವ್ವ ಶೆಡ್ಡಿಗೆ ಹೊರಟರು. ಅವರ ಲೆಕ್ಕ ಸರಳ. ಕಟ್ಟೆಯ ಮೇಲಿನ ತಗಡು ಸೋರುತ್ತದೆ, ಮಳೆಗಾಲದಲ್ಲಿ ಎಲೆಗೆ ಬೂಸರು ಹಿಡಿಯುತ್ತದೆ, ಬೀಡಿ ಒಣಗುವುದಿಲ್ಲ. ಶೆಡ್ಡಿನಲ್ಲಿ ಫ್ಯಾನಿದೆ, ನೀರಿದೆ, ಹೆಂಗಸರಿಗೆ ಪಾಯಖಾನೆಯಿದೆ. "ಇಷ್ಟ ವರ್ಷ ಕತ್ತಲಾಗೂ ತನಕ ಹೊಟ್ಟಿ ಬಿಗಿಹಿಡದ ಕುಂತೇವಿ," ಎಂದರು ನೂರಜಾನಬಿಗೆ. "ಒಬ್ಬ ಹುಡುಗ ಮುಂಜಾನೆ ನಿನ್ನ ಕತಿ ಕೇಳಿದ್ರ ನಿನಗ ಏನ ಕಮ್ಮಿ ಆಗತೈತಿ?"

"ಮೊದಲ ಕೇಳಿ ಹೂಂ ಅಂದ ಮ್ಯಾಲೆ ಅದು ಕತಿ ಅಲ್ಲ ಕಾಳಿ. ಅಂವ ಉಂಡಬಿಟ್ಟ ತಾಟು."

"ನೀ ಕಿವ್ಯಾನ ಪಕ್ಷ ಅಂತ ನನಗ ಮೊದಲ ಗೊತ್ತಿತ್ತು."

"ನಾ ಯಾರ ಪಕ್ಷಾನೂ ಅಲ್ಲ."

"ಹಂಗಾದ್ರ ಬಾ."

ನೂರಜಾನಬಿ ಹೋಗಲಿಲ್ಲ. ಮುಂದಿನ ಕತೆ ತನ್ನ ಬಾಯಿಗೇ ಮೊದಲು ಗೊತ್ತಿರುವುದಿಲ್ಲ, ಕೇಳುವವರ ಮುಖ ನೋಡಿದ ಮೇಲೆ ಬರುತ್ತದೆ, ತಂಬಾಕು ತೂಗುವ ತಕ್ಕಡಿಯ ಹಿಂದೆ ನಿಂತ ಸಮಾಧಾನನ ಮುಖ ನೋಡಿ ಹೇಗೆ ತರುವುದು ಎಂಬುದು ಅವರ ವಾದ. ಎರಡು ವಾದಗಳಲ್ಲೂ ತಪ್ಪು ಹುಡುಕುವುದು ಕಷ್ಟ. ಓಣಿಯ ಮುಕ್ಕಾಲು ಪಾಲು ಹೆಂಗಸರು ಕಾಳವ್ವನ ಹಿಂದೆ ಹೋದರು. ಕೋಮಲ ಮತ್ತು ಇನ್ನಿಬ್ಬರು ಕಟ್ಟೆಯಲ್ಲಿ ಉಳಿದರು. ಕಾಳವ್ವ ತಮ್ಮ ಮಣೆಯನ್ನೂ ಒಯ್ದರು. ಅದು ಇದ್ದ ಜಾಗದಲ್ಲಿ ನೂರಜಾನಬಿ ಎಲೆಯ ಬುಟ್ಟಿ ಇಟ್ಟುಕೊಂಡರು. ಇಬ್ಬರಿಗೂ ಮಾತಿಲ್ಲ.

ಮೂರು ಕಟ್ಟಿನಿಂದ ಮೊರ ತುಂಬುವುದಿಲ್ಲ. ನೂರಜಾನಬಿ ಊಟದ ಹೊತ್ತನ್ನೂ ಕಟ್ಟುವುದಕ್ಕೇ ಹಾಕಿದರು, ಹೆಬ್ಬೆರಳು ಬಾತುಕೊಂಡವು. ಕತೆ ಹೇಳುತ್ತಾ ಕಟ್ಟಿದರೆ ಕೈ ನಿಧಾನ, ಕಟ್ಟುತ್ತಾ ಸುಮ್ಮನಿದ್ದರೆ ಕೇಳುವವರಿಗೆ ಬೇಸರ. ಹೆಗಲ್ಯಾನ ಕತೆ ಆ ಪೆಟ್ಟಿನಲ್ಲೇ ನಿಂತಿತ್ತು. ಸಂಜೆ ಸಮಾಧಾನ ಅವರ ಮೊರ ನೋಡಿ ಎಣಿಕೆ ಬರೆದುಕೊಂಡು ಹೋದ. ಎರಡನೆಯ ವಾರ ಅಂದ: "ಮಾವಶಿ, ಹಿಂಗಾದ್ರ ಬರೂ ತಿಂಗಳ ನಿಮ್ಮ ಎಲಿ ನಿಲ್ಲಸಂತಾರ. ನನ್ನ ಕೈಯಾಗಿಲ್ಲ." ಶಮಶೇರ ಅಂಗಡಿಯಿಂದ ಬಂದು ಮೊರದ ಮುಂದೆ ಕೂತು ತಾವೂ ಒಂದು ಸುತ್ತಲು ನೋಡಿದರು. ಅದು ಬೀಡಿಯ ಹಾಗೆ ಕಾಣಲಿಲ್ಲ.

ನೂರಜಾನಬಿ ಶೆಡ್ಡಿಗೆ ಹೋದರು. ದಾರಿಯಲ್ಲಿ ಕೋಮಲ ಕೇಳಿದಳು, "ನೀವೂ ಸಹಿ ಹಾಕಿದ್ರಿ ಅಲ್ಲ ಮಾವಶಿ?"

"ನಾ ಹಾಕಿಲ್ಲವಾ. ನನ್ನ ಬೆರಳ ಹಾಕ್ಯಾವ."

ಮೊದಲ ಮುಂಜಾನೆ ಸಮಾಧಾನ ತಕ್ಕಡಿಯ ಹತ್ತಿರ ಚಹಾ ಹಿಡಿದು ನಿಂತು ಸಿನಿಮಾದ ಉಳಿದ ಕತೆ ಕೇಳಿದ. ಸುರಂಗದೊಳಗೆ ರೈಲು ಸಿಕ್ಕಿಬಿದ್ದಿದೆ, ಮೇಲಿನ ಗುಡ್ಡ ಕುಸಿಯುತ್ತಿದೆ. ಕಿವ್ಯಾನಿಗೆ ಒಂದೇ ಕಿವಿ ಉಳಿದಿದೆ, ಅದಕ್ಕೆ ಅಳು ಕೇಳಿಸುತ್ತದೆ. ಹುಕುಮ್ ಇಲ್ಲದೆ ಹೋಗುತ್ತಾನೆ. ಅವನನ್ನು ಹಿಡಿಯಲು ಬಂದ ಹೆಗಲ್ಯಾ ಅವನ ಹಿಂದೆಯೇ ಸುರಂಗಕ್ಕೆ ನುಗ್ಗಿ, ಗುಡ್ಡ ಬೀಳುವುದನ್ನು ನೋಡಿ, ಅದಕ್ಕೆ ಹೆಗಲು ಕೊಡುತ್ತಾನೆ. ಕತ್ತಲೆಯಲ್ಲಿ ಕಾಲು ಎಲ್ಲಿಡಬೇಕು, ಎಲ್ಲಿ ಮನುಷ್ಯರಿದ್ದಾರೆ ಅವನಿಗೆ ಕಾಣದು. ಕಿವ್ಯಾ ಕೇಳಿ ಕೇಳಿ ಹೇಳುತ್ತಾನೆ: ಎಡಕ್ಕೆ ಇಡಬೇಡ, ಅಲ್ಲಿ ಕೂಸು ಅಳುತ್ತಿದೆ. ರೈಲಿನವರೆಲ್ಲ ಹೊರಗೆ ಬರುತ್ತಾರೆ. ಆಮೇಲೆ ಇಬ್ಬರೂ ಒಂದು ಮಾತೂ ಆಡದೆ ಬೇರೆ ಬೇರೆ ದಿಕ್ಕಿಗೆ ಹೋಗುತ್ತಾರೆ. ಹೆಗಲ್ಯಾ ಸಹಿ ಹಾಕಿದ ಕಾಗದ ಹರಿಯಲಿಲ್ಲ, ಕಿವ್ಯಾ ಹಾಕಲಿಲ್ಲ.

ಸಮಾಧಾನನ ಚಹಾ ಆರಿತ್ತು. "ಚೊಲೋ ಐತ್ರಿ," ಎಂದ. "ಆದ್ರ ಇದು ಆಗೂದಿಲ್ಲ. ಮತ್ತ ಎರಡ ಪಾರ್ಟಿ ಆಗತಾವ, ಮತ್ತ ಬೀಡಿ ಬಿಗೀತಾವ. ಕಿವ್ಯಾಗ ತಪ್ಪು ಗೊತ್ತಾಗತೈತಿ ಅನ್ರಿ. ಅವನೂ ಸಹಿ ಹಾಕತಾನ. ರೈಲಿಂದು ಬ್ಯಾಡ. ಕೊನಿಗೆ ಡಿಸಿ ಸಾಹೇಬರ ಆಫೀಸಿನಾಗ ಇಬ್ಬರಿಗೂ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಸತ್ಕಾರ ಅನ್ರಿ."

ನೂರಜಾನಬಿ ಹಾಗೆಯೇ ಹೇಳಿದರು. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಫ್ಯಾನು ತಿರುಗುತ್ತಿತ್ತು. ಕಿವ್ಯಾ ತಪ್ಪೊಪ್ಪಿಕೊಂಡ, ಸಹಿ ಹಾಕಿದ, ಶಾಲು ಹೊದ್ದ. ಎರಡು ವಾರದಿಂದ ಕಿವ್ಯಾನ ಕಿವಿ ಏನಾಯಿತೋ ಎಂದು ಕಾದಿದ್ದ ಹೆಂಗಸರು ಮೊರ ನೋಡುತ್ತಾ ಕೂತರು. ಯಾರೋ ಆಕಳಿಸಿದರು. ಒಬ್ಬಳು ಮಗ್ಗುಲಿನವಳೊಂದಿಗೆ ಬದನೆಕಾಯಿಯ ಮಾತು ತೆಗೆದಳು. ಕೋಮಲ ತಲೆ ಎತ್ತಲಿಲ್ಲ.

ಎದ್ದು ನಿಂತವರು ಕಾಳವ್ವ. ಮಡಿಲಿನ ಮೊರವನ್ನು ಕೆಳಗಿಟ್ಟು, ಎರಡು ವಾರದ ನಂತರ ಮೊದಲ ಸಲ ನೂರಜಾನಬಿಯ ಜೊತೆ ಮಾತಾಡಿದರು. "ನೂರಿ, ನನ್ನ ಹೆಗಲ್ಯಾ ಯಾರ ಜೋಡಿ ಬಡದಾಡಿ ಗೆದ್ದ?"

"ಯಾರ ಜೋಡೀನೂ ಇಲ್ಲ. ಕಿವ್ಯಾ ತಾನ ಒಪ್ಪಿಕೊಂಡ."

"ಯಾಕ ಒಪ್ಪಿಕೊಂಡ? ಅಂಥಾ ಮನಷ್ಯಾ ಒಂದ ಕಿವಿ ಹೋದ್ರೂ ಒಪ್ಪಾಂವಲ್ಲ. ಇದು ಸಿನಿಮಾದಾಗ ಇಲ್ಲ."

ನೂರಜಾನಬಿ ತಕ್ಕಡಿಯ ಕಡೆಗೆ ನೋಡಿದರು. ಕಾಳವ್ವನಿಗೆ ಅಷ್ಟು ಸಾಕಾಯಿತು. ತಕ್ಕಡಿಯ ಹತ್ತಿರ ಹೋದರು. "ಸಮಾಧಾನ, ನಾ ಹೆಗಲ್ಯಾನ ಪಕ್ಷ ಹೌದೋ ಅಲ್ಲ?"

"ಹೌದ್ರಿ ಮಾವಶಿ. ನಿಮ್ಮಾಂವನ್ನ ಗೆಲಿಸೇನಲ್ರಿ."

"ಪುಕ್ಕಟ ಗೆಲಿಸೀದಿ. ಎದುರಿಗೆ ಯಾರೂ ಇಲ್ಲದ ಗೆದ್ದಾಂವ ಗೆದ್ದಂಗೇನು? ನಾ ಇಷ್ಟ ದಿನ ಓಣಿ ತುಂಬ ಬಡದಾಡಿದ್ದು ತೆಂಗಿನಕಾಯಿ ಸಲವಾಗಿ ಅಲ್ಲ. ಫ್ಯಾನ್ ನಿಂದು, ತಕ್ಕಡಿ ನಿಂದು, ಬೀಡಿ ಮುರಿಯೂದು ನಿನ್ನ ಕೆಲಸ. ಮುರಿ. ಕತಿ ಆಕೀದು. ನಾ ಸಹಿ ಹಾಕಿದ್ದು ಶೆಡ್ಡಿಗೆ, ಕತಿಗಲ್ಲ."

"ಮತ್ತ ಬೀಡಿ ಬಿಗಿದ್ರ, ಮಾವಶಿ? ನನ್ನ ಕೆಲಸ ಹೋಗತೈತ್ರಿ."

ಉತ್ತರ ನೂರಜಾನಬಿಯಿಂದ ಬಂತು. ಬೀಡಿ ಬಿಗಿದದ್ದು ವಾದದಿಂದಲ್ಲ, ಪೆಟ್ಟಿನಿಂದ. ಸಹಿಯ ದಿನವೂ ಜಗಳವಿತ್ತು, ಅಂದಿನ ಮಾಲು ಸರಿಯಾಗಿಯೇ ಇತ್ತು. "ಹೊಡದಾಟ ಬಂದಾಗ ನಾನ ನಿಲ್ಲಸ್ತೀನ್ರಿ. ಅದನ್ನ ಚಾ ಕುಡಿಯೂ ಹೊತ್ನ್ಯಾಗ ಹೇಳತೀನಿ, ಕೈಯಾಗ ಎಲಿ ಇಲ್ಲದಾಗ. ಎಲ್ಲಿ ನಿಲ್ಲಸಬೇಕು ಅಂತ ನನಗ ತಿಳೀತೈತಿ. ನಿಮಗ ಮೊದಲ ಹೇಳೂದಿಲ್ಲ."

ಸಮಾಧಾನ ತಕ್ಕಡಿಯ ಕಲ್ಲುಗಳನ್ನು ಜೋಡಿಸಿದ. "ಒಂದ ವಾರ ನೋಡೂಣ್ರಿ," ಎಂದ. ಅವತ್ತೇ ಚಹಾದ ಹೊತ್ತಿಗೆ ಸುರಂಗ ಬಂತು. ಹೆಗಲ್ಯಾ ಗುಡ್ಡ ಹೊತ್ತ, ಕಿವ್ಯಾ ಅವನಿಗೆ ಕಾಲಿಡುವ ಜಾಗ ಹೇಳಿದ. ಹೆಂಗಸರ ಕೈಯಲ್ಲಿ ಚಹಾದ ಬಸಿಗಳು ಹಾಗೇ ನಿಂತಿದ್ದವು. ಕತೆ ಮುಗಿದಾಗ ಕೋಮಲ ಕಾಳವ್ವನ ಕಡೆ ತಿರುಗಿ ಕೇಳಿದಳು, "ಈಗೇನಂತೀರಿ?"

"ಸಹಿ ಹಾಕಬೇಕಾಗಿತ್ತು," ಎಂದರು ಕಾಳವ್ವ. "ಆದ್ರ ಅಂವ ಇರಲಿಲ್ಲ ಅಂದ್ರ ನನ್ನಾಂವ ಕೂಸಿನ ಮ್ಯಾಲೆ ಕಾಲ ಇಡತಿದ್ದ. ಅದೂ ಖರೇ."

ನಿಮಗೊಂದು ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ನೂರಜಾನಬಿ ದೊಡ್ಡದೇನನ್ನೂ ಕೇಳುವುದಿಲ್ಲ. ಬೆರಳು ವಾಸಿಯಾಗುವುದು ಆಗದ ಮಾತೆಂದು ಅವರಿಗೆ ಗೊತ್ತಿದೆ. "ಒಂದ ಸಲ ಕೊಲ್ಲಾಪುರಕ್ಕ ಹೋಗಿ, ದೊಡ್ಡ ಟಾಕೀಜಿನ್ಯಾಗ ಎಲ್ಲಾರೂ ಕೂಡಿ ಸಿನಿಮಾ ನೋಡಬೇಕ್ರಿ. ಹದಿನಾಕೂ ಮಂದಿ. ನಾ ಹೇಳಿದ್ದಕ್ಕೂ ಅದಕ್ಕೂ ಎಷ್ಟ ಫರಕ್ ಐತಿ ಅಂತ ಅವರಿಗೂ ತಿಳೀಲಿ." ಸ್ವಲ್ಪ ತಡೆದು ಸೇರಿಸುತ್ತಾರೆ: "ನಂದ ಚೊಲೋ ಇರತೈತಿ."

ಸಮಾಧಾನ ಹೇಳಿದ ಒಂದು ವಾರ ಮುಗಿದು ಎರಡು ತಿಂಗಳಾಗಿದೆ. ಅವನು ಕತೆಯನ್ನು ಮೊದಲೇ ಕೇಳುವುದಿಲ್ಲ, ಎಲ್ಲರ ಜೊತೆ ಕೇಳುತ್ತಾನೆ. ಕಾಳವ್ವನ ಮಣೆ ಶೆಡ್ಡಿನಲ್ಲಿ ನೂರಜಾನಬಿಯ ಬಲಕ್ಕಿದೆ. ಕತಿ ಕಟ್ಟು ಮತ್ತೆ ಬೀಳುತ್ತಿದೆ, ನೂರಜಾನಬಿಗೆ ಎಲೆ ಸಿಗುತ್ತಿದೆ.